ಸಂದಿ ಇಲ್ಲದ ಸಂದಿಹಲ್ಲ

ಸಿನಿಮಾ ಶುರುವಾಗಿ ಆರನೆಯ ನಿಮಿಷಕ್ಕೆ ನಾಯಕ ಮೊದಲ ಸಲ ನಕ್ಕ. ಹಲ್ಲಕ್ಕ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು.

"ಏನೋ ಇದು?" ಎಂದಳು, ಪಕ್ಕದಲ್ಲಿದ್ದ ತಮ್ಮನಿಗೆ. ಪಿಸುಗುಟ್ಟಿದೆ ಎಂದೇ ಅವಳು ತಿಳಿದದ್ದು. ಮುಂದಿನ ನಾಲ್ಕು ಸಾಲಿನವರು ತಿರುಗಿ ನೋಡಿದರು.

"ಕೂತ್ಕೋ ಅಕ್ಕ."

"ಹಲ್ಲು ನೋಡೋ ಅವನ್ದು! ಸಂದಿ ಎಲ್ಲೋ?"

"ಇನ್ನೂ ಹೆಸರು ತೋರಿಸೋದೇ ಮುಗಿದಿಲ್ಲ. ಮುಂದೆ ಬರ್ಬೋದು."

"ಹಲ್ಲಿನ ಸಂದಿ ಮುಂದೆ ಬರುತ್ತೇನೋ? ಅದೇನು ಬಸ್ಸಾ?"

ಹಲ್ಲಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ ಎಂದು ಬೇರೆ ಹೇಳಬೇಕಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳು ಒಂದು ಹಲ್ಲಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಕ್ಲಿನಿಕ್ಕುಗಳಿಂದ ರೋಗಿಗಳ ಬಾಯಿಯ ಅಚ್ಚು ಬರುತ್ತದೆ; ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಹಲ್ಲು ಕೂರಿಸಿ, ಕೆತ್ತಿ, ಉಜ್ಜಿ, ಹೊಳಪು ಕೊಟ್ಟು, ಡಬ್ಬಿಯಲ್ಲಿ ಹಾಕಿ ವಾಪಸು ಕಳಿಸುವುದು. ಊರಿನಲ್ಲಿ ಎಷ್ಟೋ ಜನ ಅವಳು ಮಾಡಿಕೊಟ್ಟ ಹಲ್ಲು ಬಿಟ್ಟು ನಗುತ್ತಿದ್ದರು, ಅದೇ ಹಲ್ಲು ಕಡಿದು ಹೆಂಡತಿಯ ಮೇಲೆ ರೇಗುತ್ತಿದ್ದರು. ಅವರಲ್ಲಿ ಒಬ್ಬರ ಮುಖವನ್ನೂ ಅವಳು ಕಂಡವಳಲ್ಲ.

ಇನ್ನು ಸಂದಿಹಲ್ಲ. ಅವಳಿಗೆ ಒಂಬತ್ತು, ತಮ್ಮನಿಗೆ ಆರು ವರ್ಷವಾಗಿದ್ದಾಗ ಭಾನುವಾರ ಬೆಳಗ್ಗೆ ಟಿ.ವಿ.ಯಲ್ಲಿ ಬರುತ್ತಿದ್ದ ಕಾರ್ಟೂನು ಅದು: 'ಸಂದಿಹಲ್ಲನ ದೋಣಿ'. ಒಟ್ಟು ಐವತ್ತೆರಡು ಕಂತು. ಜನರನ್ನು ನದಿ ದಾಟಿಸುವ ಒಬ್ಬ ಪುಟ್ಟ ದೋಣಿಗ. ಅವನ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಒಂದು ಸಂದಿ. ಆ ಸಂದಿಯಿಂದ ಅವನು ಸಿಳ್ಳೆ ಹಾಕಿದರೆ ಎಲ್ಲಿದ್ದರೂ ಗಾಳಿ ಓಡಿಬಂದು ಹಾಯಿ ತುಂಬುತ್ತದೆ. ಕತೆ ಇಷ್ಟೇ. ಆದರೆ ಅಕ್ಕ ತಮ್ಮ ಇಬ್ಬರೂ ಒಂದು ವರ್ಷ ಬಾಯಲ್ಲಿ ಪೆನ್ಸಿಲ್ ತುರುಕಿಕೊಂಡು ಹಲ್ಲಿನ ನಡುವೆ ಸಂದಿ ಮಾಡಲು ಹೆಣಗಿದ್ದರು. ಅಮ್ಮ ಬಾರಿಸಿದ ಮೇಲೆ ಬಿಟ್ಟರು.

ಹಗಲೆಲ್ಲ ಊರವರ ಹಲ್ಲಿನ ಸಂದಿ ಮುಚ್ಚುವ ಹೆಂಗಸು ಸಂದಿಹಲ್ಲನನ್ನು ತಲೆ ಮೇಲೆ ಹೊತ್ತು ತಿರುಗುವುದು ಹೇಗೆ ಎಂದು ತಮ್ಮ ಒಮ್ಮೆ ಕೇಳಿದ್ದ. "ಅದು ಕೆಲಸ ಕಣೋ, ಇದು ಪ್ರೀತಿ" ಎಂದಿದ್ದಳು. ಎರಡೂ ಎಂದಾದರೂ ಒಂದೇ ಮೇಜಿಗೆ ಬಂದು ಕೂತಾವು ಎಂದು ಅವಳಿಗೆ ಹೊಳೆದಿರಲಿಲ್ಲ.

ಸಿನಿಮಾ ಮುಂದುವರಿಯಿತು. ಸಂದಿಹಲ್ಲನ ಅಜ್ಜಿ ಕಾರ್ಟೂನಿನಲ್ಲಿ ದಡದ ಕಲ್ಲಿನ ಮೇಲೆ ಕೂತು ಮೊಮ್ಮಗನನ್ನು ಬೈಯುವುದು ಬಿಟ್ಟು ಐವತ್ತೆರಡು ಕಂತಿನಲ್ಲಿ ಬೇರೇನೂ ಮಾಡಿದವಳಲ್ಲ. ಇಲ್ಲಿ ಕತ್ತಿ ಹಿಡಿದು ಛಾವಣಿಯಿಂದ ಛಾವಣಿಗೆ ಹಾರಿದಳು. ಸಿಳ್ಳೆಗೆ ಹಲ್ಲಿನ ಬದಲು ಬೆಳ್ಳಿಯ ಪೀಪಿ ಬಂದಿತ್ತು, ಕೊರಳಿಗೆ ಸರಪಳಿ ಹಾಕಿ ನೇತುಬಿಟ್ಟದ್ದು. ಹಲ್ಲಕ್ಕ ಚೀಲದಿಂದ ಪೆನ್ನು ತೆಗೆದಳು. ವಿರಾಮದ ನಂತರ ಅವಳು ಪರದೆ ನೋಡಿದ್ದಕ್ಕಿಂತ ಮಡಿಲಲ್ಲಿದ್ದ ಕಾಗದದ ಮೇಲೆ ಕತ್ತಲಲ್ಲೇ ಗೀಚಿದ್ದು ಹೆಚ್ಚು.

ಇಬ್ಬರೂ ಹೊರಗೆ ಬಂದು ರಸ್ತೆ ದಾಟಿದರು. ದಾಟಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಪೀಪಿ! ಟ್ರಾಫಿಕ್ ಪೊಲೀಸೇನೋ ಅವನು?"

"ಬರ್ಕೊಂಡಿದೀಯಲ್ಲ, ಬಿಡು."

"ನಲವತ್ತೊಂದು ಬರ್ಕೊಂಡಿದೀನಿ. ಮೊದಲನೇದು ಹಲ್ಲು."

ಬರೆದುಕೊಂಡದ್ದು ಬಳಗಕ್ಕೆ. ಸಂದಿಹಲ್ಲ ಬಳಗ ಎಂದರೆ ಅಕ್ಕ ತಮ್ಮ ಸೇರಿ ಹನ್ನೊಂದು ಜನ; ತಿಂಗಳ ಮೊದಲ ಭಾನುವಾರ ಗ್ರಂಥಾಲಯದ ಮಹಡಿ ಕೋಣೆಯಲ್ಲಿ ಸೇರಿ, ಒಂದು ಕಂತು ನೋಡಿ, ಅದರ ಬಗ್ಗೆ ಎರಡು ಗಂಟೆ ಜಗಳ ಆಡುತ್ತಿದ್ದರು. ಅಧ್ಯಕ್ಷೆಯನ್ನು ಎಲ್ಲರೂ ಘೋಷಣೆ ಅಮ್ಮ ಎನ್ನುತ್ತಿದ್ದರು. ಅವರು ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಗಾಡಿ ಬರುವುದು ಹೋಗುವುದನ್ನು ಘೋಷಿಸಿ ನಿವೃತ್ತರಾದವರು. ಮಕ್ಕಳಿಗೆ ತಿಂಡಿ ತಿನ್ನಿಸಲು ಹಚ್ಚಿದ ಕಾರ್ಟೂನಿಗೆ ತಾವೇ ಅಂಟಿಕೊಂಡಿದ್ದರು. ಕಾರ್ಯದರ್ಶಿ ಹಲ್ಲಕ್ಕ. ಲ್ಯಾಬಿನಲ್ಲಿ ಅವಳು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಮುಖಮಾಡಿ ಕೂರುವವಳು. ಮನೆಯಲ್ಲಿ ಅತ್ತೆ, ಗಂಡ, ಟಿ.ವಿ. ಮೂರೂ ಒಟ್ಟಿಗೆ ಮಾತಾಡುವುದರಿಂದ ಅವಳ ಸರದಿ ಬರುತ್ತಲೇ ಇರಲಿಲ್ಲ. ಅವಳು ಬಾಯಿ ತೆರೆದರೆ ಹತ್ತು ಜನ ಕಿವಿಗೊಡುತ್ತಿದ್ದ ಜಾಗ ಭೂಮಿಯ ಮೇಲೆ ಆ ಮಹಡಿ ಕೋಣೆಯೊಂದೇ.

ಬಳಗಕ್ಕಿದ್ದದ್ದು ಒಂದೇ ನಿಯಮ: ಸಂದಿಹಲ್ಲನಿಗೆ ಕುಂದು ತಂದವರು ಹೊರಗೆ. ಹದಿನಾರು ವರ್ಷ ಸದಸ್ಯರಾಗಿದ್ದ ಒಬ್ಬ ಔಷಧಿ ಅಂಗಡಿಯವರು ಒಮ್ಮೆ ಮಾತಿನ ಭರದಲ್ಲಿ "ಕೊನೇ ಹತ್ತು ಕಂತು ಸ್ವಲ್ಪ ಎಳೆದ್ರು ಅನ್ಸುತ್ತೆ" ಎಂದಿದ್ದರು. ಮುಂದಿನ ತಿಂಗಳು ಅವರು ಬರುವಷ್ಟರಲ್ಲಿ ಅವರ ಕುರ್ಚಿ ಇರಲಿಲ್ಲ.

ನಲವತ್ತೊಂದು ಆಕ್ಷೇಪಣೆಗಳ ಪತ್ರವನ್ನು ಬಳಗ ಒಮ್ಮತದಿಂದ ಒಪ್ಪಿತು. ಅಂಚೆಗೆ ಹಾಕಿದರೆ ಯಾರು ಓದುತ್ತಾರೆ ಎಂಬ ಪ್ರಶ್ನೆ ಬಂತು. ಘೋಷಣೆ ಅಮ್ಮ ಅಲ್ಲೇ ನಿರ್ದೇಶಕನ ಕಚೇರಿಗೆ ಫೋನು ಹಚ್ಚಿ, "ದಯವಿಟ್ಟು ಗಮನಿಸಿ" ಎಂದು ಶುರು ಮಾಡಿದರು. ಆ ದನಿ ಕೇಳಿದರೆ ಯಾರಾದರೂ ಸಾಮಾನು ಸರಂಜಾಮು ಎತ್ತಿಕೊಂಡು ಎದ್ದು ನಿಲ್ಲಲೇಬೇಕು. ಮುಂದಿನ ಸಭೆಗೆ ಖುದ್ದು ಬಂದು ಉತ್ತರ ಕೊಡುತ್ತೇನೆಂದು ನಿರ್ದೇಶಕ ಒಪ್ಪಿಕೊಂಡ. ಪತ್ರ ಓದುವುದು ಹಲ್ಲಕ್ಕನೇ ಎಂದು ತೀರ್ಮಾನವಾಯಿತು.

ಸಭೆಗೆ ಹತ್ತು ದಿನವಿರುವಾಗ ಅವಳು ಬಸ್ಸಿಗೆ ಕಾಯುತ್ತ ನಿಂತಿದ್ದಳು. ತಂಗುದಾಣದ ಗಾಜಿನ ಹಿಂದೆ ಹೊಸ ಪೋಸ್ಟರು ಬಂದಿತ್ತು: ಬರೀ ಮುಖ, ಕಿವಿಯಿಂದ ಕಿವಿಗೆ ನಗು. ಒಂದೊಂದು ಹಲ್ಲೂ ಅವಳ ಊಟದ ಡಬ್ಬಿಯಷ್ಟಿತ್ತು. ಬೈಯುವುದಕ್ಕೆಂದೇ ಅವಳು ಹತ್ತಿರ ಹೋದಳು. ಹೋದವಳು ಎಡಗಡೆಯ ಬಾಚಿಹಲ್ಲಿನ ಕೆಳತುದಿಯನ್ನು ನೋಡಿದಳು. ಒಳಮೂಲೆಯಲ್ಲಿ ಅಕ್ಕಿನುಚ್ಚಿನಷ್ಟು ಜಾಗ ಸವೆದಿತ್ತು.

ಅವಳ ಬಸ್ಸು ಬಂತು, ನಿಂತಿತು, ಹೋಯಿತು.

ಆ ಸವೆತ ಅವಳದು. ಲ್ಯಾಬಿನ ಯಜಮಾನರು ಮೊದಲ ವರ್ಷವೇ ಹೇಳಿಕೊಟ್ಟಿದ್ದರು: ಹೊಚ್ಚ ಹೊಸ ಹಲ್ಲು ಬಾಯಲ್ಲಿ ಸುಳ್ಳು ಹೇಳಿದಂತೆ ಕಾಣುತ್ತದೆ, ಎಲ್ಲಾದರೂ ಚೂರು ಸವೆಸಿ ಬಿಡು. ಅಂದಿನಿಂದ ಅವಳು ಮಾಡಿದ ಪ್ರತಿ ಸೆಟ್ಟಿನಲ್ಲೂ ಎಡ ಬಾಚಿಹಲ್ಲಿನ ಒಳಮೂಲೆಗೆ ಉಜ್ಜುಕಾಗದ ಎರಡು ಸಲ ಆಡುತ್ತಿತ್ತು. ರೋಗಿಗೆ ಗೊತ್ತಾಗದು, ವೈದ್ಯರಿಗೂ ಗೊತ್ತಾಗದು. ಚಿತ್ರ ಬರೆಯುವವರು ಮೂಲೆಯಲ್ಲಿ ರುಜು ಹಾಕಿಕೊಳ್ಳುವುದಿಲ್ಲವೇ, ಹಾಗೆ.

ಲ್ಯಾಬಿಗೆ ಹೋದವಳೇ ಹಳೆಯ ಚೀಟಿಗಳ ಕಟ್ಟು ಬಿಚ್ಚಿದಳು. ಪ್ರತಿ ಅಚ್ಚಿನ ಜೊತೆ ಕ್ಲಿನಿಕ್ಕಿನಿಂದ ಒಂದು ಚೀಟಿ ಬರುತ್ತದೆ: ಯಾವ ಹಲ್ಲು, ಯಾವ ಬಣ್ಣ, ಪಕ್ಕದಲ್ಲೊಂದು ಚಿತ್ರ. ಈ ಚಿತ್ರಗಳಿಂದ ಲ್ಯಾಬಿನವರಿಗೆ ಸದಾ ತಲೆನೋವು. ಕ್ಲಿನಿಕ್ಕಿನ ಸಹಾಯಕರಲ್ಲಿ ಅರ್ಧ ಜನ ಆಗಬೇಕಾದ ಹಲ್ಲನ್ನು ಬರೆಯುವ ಬದಲು ರೋಗಿಯ ಬಾಯಲ್ಲಿ ಮೊದಲಿದ್ದ ಹಲ್ಲನ್ನು ಬರೆದು ಕಳಿಸುತ್ತಿದ್ದರು. ಫೋನು ಮಾಡಿ ಕೇಳಿದರೆ ವೈದ್ಯರಿಗೆ ಸಿಟ್ಟು. ಹಾಗಾಗಿ ಚೀಟಿಯಲ್ಲಿ ಡೊಂಕು ಕಂಡರೆ ನೆಟ್ಟಗೆ ಮಾಡುವುದು, ಸಂದಿ ಕಂಡರೆ ಮುಚ್ಚುವುದು ಅಲ್ಲಿನ ಪದ್ಧತಿಯೇ ಆಗಿತ್ತು.

ಅರ್ಧ ಗಂಟೆಯಲ್ಲಿ ಚೀಟಿ ಸಿಕ್ಕಿತು. ಗಂಡಸು, ಇಪ್ಪತ್ತೆಂಟು ವರ್ಷ, ಮೇಲಿನ ಮುಂದಿನ ಎರಡು. ಚಿತ್ರದಲ್ಲಿ ಎರಡು ಹಲ್ಲು, ನಡುವೆ ಸಂದಿ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಅವಳದೇ ಅಕ್ಷರ: 'ಚಿತ್ರ ತಪ್ಪು. ಸಂದಿ ಮುಚ್ಚಿದ್ದೇನೆ.'

"ಯಜಮಾನ್ರೇ, ಇದು ಯಾರ ಹಲ್ಲು?"

ಯಜಮಾನರು ಭೂತಗನ್ನಡಿಯನ್ನು ಹಣೆಗೆ ಏರಿಸಿದರು. "ಹೆಸರೆಲ್ಲಿ ಕಳಿಸ್ತಾರೆ? ನಂಬರು ಅಷ್ಟೇ. ಯಾಕಮ್ಮ, ಕಿತ್ಕೊಂಡು ಬಂತಾ?"

"ಕಿತ್ಕೊಂಡು ಬಂದಿಲ್ಲ. ಸಿನಿಮಾ ಸೇರಿದೆ."

ವಿಷಯ ತಿಳಿದ ಯಜಮಾನರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ನಲವತ್ತು ವರ್ಷದ ಲ್ಯಾಬಿನಲ್ಲಿ ಇಂಥದ್ದು ಮೊದಲು. "ಬಾಗಿಲ ಮೇಲೆ ಬೋರ್ಡ್ ಬರೆಸಿಬಿಡೋಣ. 'ತಾರೆಯರ ಹಲ್ಲು ಇಲ್ಲಿ ತಯಾರಾಗುತ್ತದೆ.' ಹೇಗೆ?"

"ಬರೆಸಿ. ನಾಳೆಯಿಂದ ನಾನು ಬರಲ್ಲ."

"ಅಯ್ಯೋ, ಇದರಲ್ಲಿ ನಿನ್ನ ತಪ್ಪೇನಮ್ಮ? ಸಂದಿ ಬೇಕು ಅಂತ ಯಾರಾದ್ರೂ ದುಡ್ಡು ಕೊಟ್ಟು ಮಾಡಿಸ್ಕೊಳ್ತಾರಾ? ನಾನಿದ್ರೂ ಮುಚ್ತಿದ್ದೆ."

"ನೀವು ಮುಚ್ಚಬಹುದಿತ್ತು ಯಜಮಾನ್ರೇ. ನಾನು ಮುಚ್ಚಬಾರದಾಗಿತ್ತು."

ಯಜಮಾನರಿಗೆ ಅರ್ಥವಾಗಲಿಲ್ಲ. ಅವರು ಆ ಕಾರ್ಟೂನು ನೋಡಿದವರಲ್ಲ. ನೋಡಿದವಳ ತಲೆಗೆ ಆ ಚಿತ್ರ ಒಂದು ಕ್ಷಣವಾದರೂ ತಟ್ಟಬೇಕಿತ್ತು. ತಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷದ ರೂಢಿ ಅವಳ ಕೈಹಿಡಿದು ಸಂದಿ ಮುಚ್ಚಿಸಿಬಿಟ್ಟಿತ್ತು. ಅದೂ ಎಷ್ಟು ಅಚ್ಚುಕಟ್ಟಾಗಿ!

ಮಧ್ಯಾಹ್ನ ಊಟದ ಹೊತ್ತಿಗೆ ಅವಳು ತಮ್ಮನನ್ನು ಹುಡುಕಿಕೊಂಡು ಹೊರಟಳು. ಅವನು ಲಿಫ್ಟು ರಿಪೇರಿಯವನು. ಆ ದಿನ ಎರಡು ಬೀದಿಯಾಚೆಯ ಕಚೇರಿಯೊಂದರಲ್ಲಿ ಲಿಫ್ಟಿನ ಕೆಳಗಿನ ಗುಂಡಿಗಿಳಿದಿದ್ದ. ಗುಂಡಿಯ ಅಂಚಿಗೆ ಕೂತು ಅವಳು ಎಲ್ಲವನ್ನೂ ಹೇಳಿದಳು. ಕೆಳಗೆ ಸ್ಪ್ಯಾನರನ್ನು ನೆಲಕ್ಕಿಟ್ಟ ಸದ್ದಾಯಿತು.

"ಯಾರಿಗಾದ್ರೂ ಹೇಳಿದ್ಯಾ?" ಎಂದಿತು ಗುಂಡಿ.

"ಯಜಮಾನರಿಗೆ ಗೊತ್ತು."

"ಅವರು ಲೆಕ್ಕಕ್ಕಿಲ್ಲ. ಬಳಗದಲ್ಲಿ ಉಸಿರು ಬಿಡ್ಬೇಡ. ಸುಮ್ನೆ ಪತ್ರ ಓದು, ಬಾ."

"ಮೊದಲನೇ ಆಕ್ಷೇಪಣೆನೇ ಹಲ್ಲಿಂದಲ್ವೇನೋ. ಅವನನ್ನ ನಿಲ್ಲಿಸ್ಕೊಂಡು ನಾನು ಬೈಯೋದಾ?"

"ಬೈಸ್ಕೊಳ್ಳೋಕೇ ತಾನೇ ಅವನು ಬರ್ತಿರೋದು? ನಲವತ್ತೊಂದರಲ್ಲಿ ಒಂದು ಹೆಚ್ಚಾದ್ರೆ ಅವನೇನು ಸಾಯಲ್ಲ."

"ಸುಳ್ಳಾಗುತ್ತಲ್ಲೋ."

ಮಸಿ ಮೆತ್ತಿದ ತಲೆಯೊಂದು ಗುಂಡಿಯಿಂದ ಮೇಲೆ ಬಂತು. "ಅಕ್ಕಾ, ಔಷಧಿ ಅಂಗಡಿಯವರು ನೆನಪಿದಾರಾ? ಬರೀ ಒಂದು ಮಾತಿಗೆ ಹೊರಗೆ ಹಾಕಿದ್ರು. ಆವತ್ತು ಎಲ್ಲರಿಗಿಂತ ಮೊದಲು ಕೈ ಎತ್ತಿದ್ದು ಯಾರು?"

ಮೊದಲು ಕೈ ಎತ್ತಿದ್ದು ಅವಳೇ. ಆಮೇಲೆ ಕುರ್ಚಿ ಒಯ್ದು ಕೆಳಗಿಟ್ಟು ಬಂದದ್ದೂ ಅವಳೇ.

"ಅದಕ್ಕೇ ಹೇಳೋದು, ಬಾಯಿ ಮುಚ್ಕೊಂಡಿರು" ಎಂದು ತಲೆ ಮತ್ತೆ ಕೆಳಗಿಳಿಯಿತು.

ಸಭೆಯ ಹಿಂದಿನ ದಿನ, ಶನಿವಾರ, ಅವಳು ಯಾರಿಗೂ ಹೇಳದೆ ಮಧ್ಯಾಹ್ನದ ಆಟಕ್ಕೆ ಇನ್ನೊಮ್ಮೆ ಹೋದಳು. ಪೋಸ್ಟರಿನಲ್ಲಿ ಕಂಡದ್ದು ಕಣ್ಣಿನ ದೋಷವಾಗಿರಲಿ ಎಂಬ ಸಣ್ಣ ಆಸೆಯೊಂದು ಉಳಿದಿತ್ತು. ಆರನೆಯ ನಿಮಿಷಕ್ಕೆ ಅದೂ ಹೋಯಿತು. ಎದ್ದು ಹೋಗಬಹುದಿತ್ತು, ಪಕ್ಕದಲ್ಲಿ ಕೂತ ದಢೂತಿ ಮನುಷ್ಯ ಕಾಲು ಮಡಚುವ ಲಕ್ಷಣ ಕಾಣದ್ದರಿಂದ ಕೂತಳು. ಬರೆಯಲು ಏನೂ ಉಳಿದಿಲ್ಲದ್ದರಿಂದ ನೋಡಿದಳು.

ವಿರಾಮದ ನಂತರ ಬಿರುಗಾಳಿಯ ದೃಶ್ಯ ಬಂತು. ಅಲೆಯ ಹೊಡೆತಕ್ಕೆ ಪೀಪಿ ಸರಪಳಿ ಕಳಚಿ ನೀರಿಗೆ ಬಿತ್ತು. ನಾಯಕ ನೀರನ್ನು ನೋಡಿದ, ಹಾಯಿ ನೋಡಿದ. ಆಮೇಲೆ ತನ್ನನ್ನೇ ನಂಬಿ ಕೂತ ಜನರ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ನನ್ನೊಬ್ಬನ ಕೈಲಿ ಆಗಲ್ಲ, ನೀವೂ ಸ್ವಲ್ಪ ಕೈ ಹಾಕ್ತೀರಾ?" ಎಂದ. ಒಬ್ಬ ಹಲಗೆ ಕಿತ್ತ. ಒಬ್ಬಳು ಸೌಟು ತೆಗೆದಳು. ಒಬ್ಬ ಮುದುಕ ಚಪ್ಪಲಿ ಬಿಚ್ಚಿ ಅದರಿಂದಲೇ ಹುಟ್ಟು ಹಾಕತೊಡಗಿದ. ಕಾರ್ಟೂನಿನ ಸಂದಿಹಲ್ಲ ಐವತ್ತೆರಡು ಕಂತಿನಲ್ಲಿ ಒಮ್ಮೆಯೂ ಯಾರ ಸಹಾಯವನ್ನೂ ಕೇಳಿದವನಲ್ಲ. ಮೂಲದಲ್ಲಿ ಇಲ್ಲದ್ದು, ಅಪಚಾರ, ನಲವತ್ತೆರಡನೆಯ ಆಕ್ಷೇಪಣೆ ಎಂದು ಅವಳ ತಲೆ ಹೇಳುತ್ತಿರುವಾಗಲೇ ಕಣ್ಣು ತನ್ನ ಪಾಡಿಗೆ ಸುರಿಯತೊಡಗಿತ್ತು. ದಢೂತಿ ಮನುಷ್ಯ ಕರವಸ್ತ್ರ ಕೊಟ್ಟ. ಅದಾಗಲೇ ಒದ್ದೆಯಾಗಿತ್ತು.

ಭಾನುವಾರ ಮಹಡಿ ಕೋಣೆಯಲ್ಲಿ ಹನ್ನೊಂದಕ್ಕೆ ಹನ್ನೊಂದು ಜನವೂ ಹಾಜರು. ನಿರ್ದೇಶಕ ಬಂದ. ಭಾರೀ ಆಸಾಮಿಯನ್ನು ಎದುರುನೋಡುತ್ತಿದ್ದವರಿಗೆ ಮೊದಲ ನಿರಾಸೆ ಅಲ್ಲೇ ಆಯಿತು: ದೊಗಳೆ ಅಂಗಿ ತೊಟ್ಟ ಸಣಕಲು ಯುವಕ, ತಿಂಗಳಿಡೀ ಬೈಸಿಕೊಂಡು ಬೈಸಿಕೊಂಡು ತಲೆ ತಗ್ಗಿಸಿಯೇ ನಡೆಯುವುದು ರೂಢಿಯಾದವನು. ಎಲ್ಲರ ನಡುವೆ ಹಾಕಿದ್ದ ಒಂಟಿ ಕುರ್ಚಿಯಲ್ಲಿ ತಾನಾಗಿಯೇ ಹೋಗಿ ಕೂತ.

"ದಯವಿಟ್ಟು ಗಮನಿಸಿ" ಎಂದರು ಘೋಷಣೆ ಅಮ್ಮ. "ಕಾರ್ಯದರ್ಶಿಗಳು ಆಕ್ಷೇಪಣಾ ಪತ್ರವನ್ನು ಓದಲಿದ್ದಾರೆ."

ಹಲ್ಲಕ್ಕ ಎದ್ದು ನಿಂತಳು. ತಮ್ಮ ಪಕ್ಕದಲ್ಲೇ ಕೂತು, ಬಾಯಿ ಮುಚ್ಚಿಕೊಂಡಿರು ಎಂಬ ಮಾತನ್ನು ಹುಬ್ಬಿನಲ್ಲೇ ಹೇಳಿದ.

"ಒಂದನೆಯ ಆಕ್ಷೇಪಣೆ. ಹಲ್ಲು." ಮುಂದಿನದನ್ನು ಬರೆಯುವಾಗ ಅವಳಿಗೆ ಬಹಳ ಖುಷಿಯಾಗಿತ್ತು. "'ಸಂದಿಹಲ್ಲನ ಸಂದಿ ಮುಚ್ಚಿದವರಿಗೆ ಸಂದಿಹಲ್ಲ ಯಾರೆಂದೇ ಗೊತ್ತಿಲ್ಲ. ಅವರು ಒಂದು ಕಂತನ್ನೂ ನೋಡಿದವರಲ್ಲ. ನೋಡಿದ್ದರೂ ಅವರ ಕಣ್ಣು ತೆರೆದಿರಲಿಲ್ಲ.'" ಕೊನೆಯ ಸಾಲಿಗೆ ಬರುವಷ್ಟರಲ್ಲಿ ದನಿ ನೂಲಿನಷ್ಟಾಗಿತ್ತು.

"ಜೋರಾಗಿ ಓದಿ!" ಎಂದರು ಹಿಂದಿನಿಂದ ಲೆಕ್ಕದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಅವರಿಗೆ ತಪ್ಪು ಹಿಡಿಯಲು ಸಿಗುತ್ತಿದ್ದದ್ದು ತಿಂಗಳಿಗೊಂದು ಭಾನುವಾರ ಮಾತ್ರ.

ನಿರ್ದೇಶಕ ಕೈಯೆತ್ತಿದ. "ಇದಕ್ಕೆ ಉತ್ತರ ಹೇಳ್ಬೋದಾ? ನಾನು ಐವತ್ತೆರಡು ಕಂತೂ ನೋಡಿದೀನಿ. ಮರುಪ್ರಸಾರದಲ್ಲಿ. ಒಂದೊಂದೂ ಹತ್ತು ಸಲ. ಆ ನಟನಿಗೆ ಮೆಟ್ಟಿಲಿಂದ ಬಿದ್ದು ಮುಂದಿನ ಎರಡು ಹಲ್ಲು ಹೋಗಿತ್ತು. ಅವನನ್ನ ಆರಿಸಿದ್ದೇ ಅದಕ್ಕೆ. ಹೊಸ ಹಲ್ಲು ಹೇಗೂ ಕಟ್ಟಿಸ್ಬೇಕು, ಸಂದಿ ಬಿಟ್ಟು ಕಟ್ಟಿಸಿದ್ರಾಯ್ತು ಅಂತ. ಚೀಟಿ ಮೇಲೆ ಚಿತ್ರ ನಾನೇ ಕೂತು ಬರೆದೆ."

"ಮತ್ತೆ?" ಎಂದರು ಘೋಷಣೆ ಅಮ್ಮ.

"ಶೂಟಿಂಗ್ ಹಿಂದಿನ ದಿನ ಹಲ್ಲು ಬಂತು. ಡಬ್ಬಿ ತೆಗೆದು ನೋಡ್ತೀನಿ, ಗೋಡೆ ಕಟ್ಟಿದ ಹಾಗಿದೆ. ಒಂದು ಕೂದಲು ತೂರಲ್ಲ."

"ವಾಪಸ್ ಕಳಿಸ್ಬೇಕಿತ್ತಪ್ಪ!"

"ಕಳಿಸೋಕೆ ಅವನು ಕೊಡಬೇಕಲ್ಲಮ್ಮ? ಒಂದು ವರ್ಷದಿಂದ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿದ್ದ ಮನುಷ್ಯ. ಹಾಕ್ಕೊಂಡು ಕನ್ನಡಿ ಮುಂದೆ ನಿಂತ. ಅರ್ಧ ಗಂಟೆ ಅಲ್ಲಿಂದ ಕದಲ್ಲಿಲ್ಲ. ಅವರಮ್ಮಂಗೆ ಫೋನ್ ಮಾಡಿ, ವಿಡಿಯೋದಲ್ಲಿ ಸುಮ್ನೆ ನಗ್ತಾ ನಿಂತಿದ್ದ. ಆಮೇಲೆ ಅದನ್ನ ತೆಗಿ ಅಂತ ಹೇಳೋ ಧೈರ್ಯ ನನಗಾಗ್ಲಿಲ್ಲ."

ಹಲ್ಲಕ್ಕನ ಕೈಯಲ್ಲಿದ್ದ ಪತ್ರ ಮೆಲ್ಲಗೆ ಕೆಳಗಿಳಿಯಿತು. ತಾನು ಕಟ್ಟಿದ ಹಲ್ಲು ಒಬ್ಬ ಮನುಷ್ಯನ ಬಾಯಿಗೆ ಹೋಗಿ ಏನು ಮಾಡುತ್ತದೆ ಎಂದು ಇಷ್ಟು ವರ್ಷದಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ.

"ಅದೆಲ್ಲ ಸರಿ" ಎಂದರು ಘೋಷಣೆ ಅಮ್ಮ, ದನಿ ಸ್ವಲ್ಪ ಇಳಿಸಿ. "ಅಂಥಾ ತಲೆಹರಟೆ ಕೆಲಸ ಮಾಡಿದ ಲ್ಯಾಬು ಯಾವುದು?"

"ಗೊತ್ತಿಲ್ಲಮ್ಮ. ಕ್ಲಿನಿಕ್ಕಿನವರು ಕಳಿಸಿದ್ದು."

"ಚಿತ್ರ ನೋಡೋಕೆ ಬರದವರ ಕೈಗೆ ಉಳಿ ಕೊಡಬಾರದು!" ಎಂದರು ಲೆಕ್ಕದ ಮೇಷ್ಟ್ರು.

ತಮ್ಮ ಅವಳ ತೋಳು ಹಿಡಿದು ಕೆಳಗೆಳೆದ. ಅವಳು ಕೂರಲಿಲ್ಲ.

"ಕೊಟ್ಟಾಗಿದೆ ಮೇಷ್ಟ್ರೇ" ಎಂದಳು. "ಇಪ್ಪತ್ತೆರಡು ವರ್ಷ ಆಯ್ತು. ಆ ಹಲ್ಲು ಮಾಡಿದ್ದು ನಾನು."

ಅವಳು ಚೀಟಿ ತೆಗೆದು ಘೋಷಣೆ ಅಮ್ಮನ ಮುಂದಿಟ್ಟಳು. ಹನ್ನೊಂದು ಜನರ ಕೈಯಿಂದ ಕೈಗೆ ಅದು ಹೋಯಿತು. 'ಚಿತ್ರ ತಪ್ಪು' ಎಂಬ ಕೆಂಪು ಸಾಲನ್ನು ಪ್ರತಿಯೊಬ್ಬರೂ ತುಟಿಯಾಡಿಸಿ ಓದಿದರು.

"ಇದು... ಸಂದಿಹಲ್ಲನ ಹಲ್ಲು ಅಂತ ನಿಮಗೆ ತಿಳಿಲಿಲ್ವಾ?" ಎಂದ ನಿರ್ದೇಶಕ. ಅವನ ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು.

"ತಿಳಿಲಿಲ್ಲ. ಸಂದಿ ಕಂಡ್ರೆ ಮುಚ್ಚೋದು ನಮ್ಮ ರೂಢಿ. ಯಾರ ಸಂದಿ ಅಂತ ನೋಡ್ಲಿಲ್ಲ." ಅವಳು ಉಸಿರೆಳೆದುಕೊಂಡಳು. ಬಾಯಿ ಬಿಟ್ಟದ್ದಾಗಿತ್ತು, ಉಳಿದದ್ದನ್ನು ಒಳಗಿಟ್ಟುಕೊಂಡು ಮಾಡುವುದೇನು? "ಇನ್ನೊಂದು ವಿಷಯ. ನಿನ್ನೆ ನಾನು ಮತ್ತೆ ಸಿನಿಮಾಕ್ಕೆ ಹೋಗಿದ್ದೆ."

"ಮತ್ತೆ?!" ಎಂದಿತು ಬಳಗ.

"ಆ ಬಿರುಗಾಳಿ ದೃಶ್ಯದಲ್ಲಿ ಅತ್ತೆ. ಚೆನ್ನಾಗಿತ್ತು."

ತಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹಲ್ಲಿನ ವಿಷಯಕ್ಕೆ ಬಾಯಿ ಬಿಟ್ಟುಕೊಂಡು ಕೂತಿದ್ದ ಸದಸ್ಯರು ಈ ಮಾತಿಗೆ ಬಾಯಿ ಮುಚ್ಚಿಕೊಂಡರು. ಸಂದಿ ಮುಚ್ಚಿದ್ದು ಕೈತಪ್ಪು; ಚೆನ್ನಾಗಿತ್ತು ಎನ್ನುವುದು ಬೇಕೆಂದೇ ಮಾಡಿದ್ದು.

ನಿರ್ದೇಶಕ ಮಾತ್ರ ಕುರ್ಚಿಯಿಂದ ಎದ್ದುಬಿಟ್ಟಿದ್ದ. "ಆ ದೃಶ್ಯ ಮೊದಲು ಇರ್ಲೇ ಇಲ್ಲ! ಸಂದಿ ಇಲ್ಲ, ಸಿಳ್ಳೆ ಇಲ್ಲ, ಏನ್ಮಾಡೋದು? ಎಲ್ಲಿಂದಲೋ ಒಂದು ಪೀಪಿ ತಂದ್ವಿ. ಅಭ್ಯಾಸ ಮಾಡೋವಾಗ ಅದು ನಿಜವಾಗ್ಲೂ ನೀರಿಗೆ ಬಿತ್ತು. ಅವನಿಗೆ ಏನೂ ತೋಚದೆ ಜನರ ಕಡೆ ತಿರುಗಿ ನಿಂತ. ಆ ಮುಖ ನೋಡಿ ಅಲ್ಲೇ ದೋಣಿಲಿ ಕೂತು ಬರೆದೆ. ಹಲ್ಲು ಸರಿಯಾಗಿ ಬಂದಿದ್ರೆ ಅವನು ಸಿಳ್ಳೆ ಹಾಕ್ತಿದ್ದ, ಗಾಳಿ ಬರ್ತಿತ್ತು, ದೋಣಿ ದಡ ಸೇರ್ತಿತ್ತು, ಅಷ್ಟೇ."

ಎಲ್ಲರೂ ಘೋಷಣೆ ಅಮ್ಮನ ಕಡೆ ನೋಡಿದರು. ಅವರು ಕನ್ನಡಕ ತೆಗೆದು ಒರೆಸುವುದರಲ್ಲಿ ಮಗ್ನರಾಗಿದ್ದರು.

"ಯಾವುದು, ಆ ಮುದುಕ ಚಪ್ಪಲೀಲಿ ಹುಟ್ಟು ಹಾಕ್ತಾನಲ್ಲ, ಅದಾ?"

"ಹೂಂ."

"ಅಲ್ಲಿ ನನಗೆ ಸರಿಯಾಗಿ ಕಾಣಿಸ್ಲಿಲ್ಲ. ಕನ್ನಡಕ ಮಂಜಾಗಿತ್ತು. ಆ ಥಿಯೇಟರಲ್ಲಿ ಎ.ಸಿ. ಜಾಸ್ತಿ." ಒರೆಸಿದ ಕನ್ನಡಕ ಮತ್ತೆ ಏರಿತು. "ಆದ್ರೂ ನಿಯಮ ನಿಯಮವೇ. ಕಾರ್ಯದರ್ಶಿಗಳು ಹೊರಗೆ ಹೋಗಬೇಕು ಅನ್ನೋರು ಕೈ ಎತ್ತಿ."

ಹಲ್ಲಕ್ಕ ತನ್ನ ಕುರ್ಚಿಯ ಬೆನ್ನು ಹಿಡಿದು ನಿಂತಳು. ಅದನ್ನು ಯಾರು ಕೆಳಗೊಯ್ಯುತ್ತಾರೋ ಎಂದು ಅವಳಿಗನ್ನಿಸಿತು.

ಲೆಕ್ಕದ ಮೇಷ್ಟ್ರ ಕೈ ಮೇಲೆ ಹೋಯಿತು. ಅಕ್ಕಪಕ್ಕ ನೋಡಿದರು. ಇನ್ನೊಂದು ಕೈ ಕಾಣಲಿಲ್ಲ. ಎತ್ತಿದ ಕೈಯನ್ನು ಹಾಗೇ ಇಳಿಸುವುದು ಸರಿಯಲ್ಲವೆಂದು ಇಲ್ಲದ ಕೂದಲನ್ನು ಒಮ್ಮೆ ಸವರಿಕೊಂಡರು.

"ಅಲ್ಲ, ಇವರನ್ನ ಕಳಿಸಿಬಿಟ್ರೆ ಪತ್ರ ಯಾರು ಓದೋದು?" ಎಂದರು. "ನಾನು ನೋಡ್ದೆ. ಕತ್ತಲಲ್ಲಿ ಬರೆದದ್ದು. ಅಕ್ಷರದ ಮೇಲೆ ಅಕ್ಷರ ಹತ್ತಿ ಕೂತಿದೆ. ದೇವರಾಣೆ ನನ್ನ ಕೈಲಾಗಲ್ಲ."

"ಅದೂ ಹೌದು" ಎಂದರು ಮೂರು ನಾಲ್ಕು ಜನ, ಬಹಳ ನಿರಾಳವಾಗಿ.

"ಔಷಧಿ ಅಂಗಡಿಯವರನ್ನೂ ವಾಪಸ್ ಕರೀಬೇಕು" ಎಂದಳು ಹಲ್ಲಕ್ಕ. "ನಾನೇ ಹೋಗಿ ಹೇಳ್ತೀನಿ."

"ಕೊನೇ ಹತ್ತು ಕಂತಿನ ಬಗ್ಗೆ ಮಾತಾಡಲ್ಲ ಅಂತ ಬರೆದುಕೊಟ್ರೆ ನೋಡೋಣ" ಎಂದರು ಲೆಕ್ಕದ ಮೇಷ್ಟ್ರು.

ಘೋಷಣೆ ಅಮ್ಮ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಕೆಳಗೆ ಓದುತ್ತಿದ್ದವರೂ ತಲೆಯೆತ್ತುವಂಥ ದನಿ ಹೊರಟಿತು. "ದಯವಿಟ್ಟು ಗಮನಿಸಿ. ಕ್ರಮಸಂಖ್ಯೆ ಒಂದರ ಆಕ್ಷೇಪಣೆಯನ್ನು ಕಾರಣಾಂತರಗಳಿಂದ ರದ್ದುಪಡಿಸಲಾಗಿದೆ. ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ಉಳಿದ ನಲವತ್ತು ನಿಗದಿತ ಸಮಯಕ್ಕೆ ಹೊರಡಲಿವೆ."

ತಮ್ಮ ಬೆರಳ ಸಂದಿಯಿಂದ ಇಣುಕಿ, ಅಪಾಯವಿಲ್ಲವೆಂದು ಖಾತ್ರಿಯಾದ ಮೇಲೆ ಮುಖದಿಂದ ಕೈ ತೆಗೆದ. ಹಲ್ಲಕ್ಕ ಪತ್ರವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. ಎಲ್ಲಿ ಹೋಗಿತ್ತೋ ಆ ದನಿ, ಪೂರ್ತಿ ವಾಪಸು ಬಂದಿತ್ತು.

"ಎರಡನೆಯ ಆಕ್ಷೇಪಣೆ. ಆಡು. ಮೂಲದಲ್ಲಿ ದೋಣಿಯ ಮೂತಿಯಲ್ಲಿ ಸದಾ ಒಂದು ಆಡು ನಿಂತಿರುತ್ತದೆ. ಸಿನಿಮಾದಲ್ಲಿ ಅದರ ಜಾಗದಲ್ಲಿ ಬಿಳಿ ಕುದುರೆಯಿದೆ. ಅಷ್ಟು ಸಣ್ಣ ದೋಣಿಯಲ್ಲಿ ಕುದುರೆ ಹೇಗೆ ನಿಂತಿತು, ಯಾಕೆ ನಿಂತಿತು ಎಂಬುದಕ್ಕೆ ವಿವರಣೆಯಿಲ್ಲ."

ನಿರ್ದೇಶಕ ಒಂಟಿ ಕುರ್ಚಿಯಲ್ಲಿ ಮತ್ತೆ ಕೂತು, ಆಸೆಯಿಂದ ಅವಳನ್ನು ನೋಡಿದ.

"ಅದೂ ನಿಮ್ಮ ಲ್ಯಾಬಿಂದ ಬಂದದ್ದಾ?"

"ಇಲ್ಲ" ಎಂದಳು ಹಲ್ಲಕ್ಕ. "ಕುದುರೆ ಪೂರ್ತಿ ನಿಮ್ಮದೇ."